ವೈದ್ಯ ಬಂದಾಗ ಇಲ್ಲದ ರೋಗ

ರೋಗಗಳಲ್ಲಿ ಎರಡು ಜಾತಿ. ವೈದ್ಯ ಬರುವವರೆಗೂ ಕಾದು ಕುಳಿತಿರುವ ರೋಗ ಒಂದು. ವೈದ್ಯ ಹೊಸ್ತಿಲು ತುಳಿದೊಡನೆ ಹಿತ್ತಿಲ ಬಾಗಿಲಿನಿಂದ ಜಾರಿಕೊಳ್ಳುವ ರೋಗ ಇನ್ನೊಂದು. ಮೊದಲನೆಯದು ಎಷ್ಟೇ ಉಗ್ರವಾಗಿರಲಿ, ಅದಕ್ಕೊಂದು ಹೆಸರುಂಟು, ಮದ್ದುಂಟು. ಎರಡನೆಯದು ಮನೆಯವರನ್ನೂ ವೈದ್ಯನನ್ನೂ ಒಟ್ಟಿಗೆ ಪೇಚಿಗೆ ಸಿಕ್ಕಿಸುತ್ತದೆ. “ರಾತ್ರಿಯೆಲ್ಲ ಒದ್ದಾಡಿದರು, ಈಗ ನೋಡಿದರೆ ಏನೂ ಇಲ್ಲ” ಎಂದು ಹೇಳುವವರಿಗೆ ನಾಚಿಕೆ, ಕೇಳುವವನಿಗೆ ಅನುಮಾನ.

ಮನುಷ್ಯರಿಗೆ ಬರುವ ಈ ಎರಡನೆಯ ಜಾತಿಯ ರೋಗ ಹಳೆಯ ಮೋಟಾರು ಕಾರುಗಳಿಗೂ ಬರುವುದುಂಟು. ಹದವಾಗಿ ಓಡುತ್ತಿದ್ದ ಕಾರು ನಡುದಾರಿಯಲ್ಲಿ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಒಳಗಿದ್ದವರು ಇಳಿದು, ಮರದ ನೆರಳಿನಲ್ಲಿ ಹತ್ತು ನಿಮಿಷ ನಿಂತು, ತಂದಿದ್ದ ಕಿತ್ತಳೆ ಹಣ್ಣು ಸುಲಿದು ತಿಂದು, ಮತ್ತೆ ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಮರುದಿನ ಷೆಡ್ಡಿಗೆ ಒಯ್ದರೆ ಸಂಜೆಯವರೆಗೂ ಗುನುಗುಡುತ್ತ ನಡೆಯುತ್ತದೆ. ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತ, “ಕಾರಿಗೇನೂ ಆಗಿಲ್ಲವಲ್ಲ ಸ್ವಾಮಿ?” ಎನ್ನುತ್ತಾನೆ. ಕಾರಿನ ಒಡೆಯನಿಗೆ ತಾನೇ ಸುಳ್ಳು ಹೇಳಿದಂತೆ ಮುಖ ಸಣ್ಣದಾಗುತ್ತದೆ.

ಹಳೆಯ ಕಾರನ್ನು ಮನೆಯ ಹಿರಿಯನಂತೆ ಸಾಕಿಕೊಂಡಿರುವ ಸಂಸಾರಗಳು ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಇಂದಿಗೂ ಕಡಿಮೆಯಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ಅಂಬಾಸಡರು 2014ರವರೆಗೂ ತಯಾರಾಯಿತು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್ 1100 ಕಾರು 1970ರ ದಶಕದಲ್ಲಿ ಪದ್ಮಿನಿಯೆಂದು ಹೆಸರು ಪಡೆಯಿತು. ಆ ನಗರದ ಟ್ಯಾಕ್ಸಿಯಾಗಿ 2023ರ ಅಕ್ಟೋಬರಿನವರೆಗೂ ದುಡಿಯಿತು. ಈ ಕಾರುಗಳಿಗೆ ವಯಸ್ಸಾಗಿದೆ ನಿಜ. ಆದರೆ ಅವುಗಳಲ್ಲಿ ಎಷ್ಟೋ ಗುಜರಿಯ ಅಂಗಡಿ ಸೇರುವುದು ವಯಸ್ಸಿನಿಂದಲ್ಲ. ಹೀಗೆ ಬಂದು ಹೋಗುವ ಒಂದು ರೋಗದ ಹೆಸರನ್ನು ಯಾರೂ ಕಂಡುಹಿಡಿಯದೆ ಹೋದುದರಿಂದ. ಹತ್ತು ರೂಪಾಯಿಯ ತಂತಿಯ ತಪ್ಪಿಗೆ ಇಡೀ ಕಾರಿಗೆ ಮರಣದಂಡನೆಯಾಗುವುದುಂಟು.

ಅಪಾಯವೂ ಸಣ್ಣದಲ್ಲ. ಮನೆಯ ಮುಂದೆ ನಿಂತ ಕಾರು ಬರಿಯ ಬೇಸರ. ಶಿರಾಡಿ ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿ ಏರಿ ಬರುತ್ತಿರುವಾಗ ನಿಂತ ಕಾರು, ಇಲ್ಲವೆ ರೈಲ್ವೆ ಗೇಟಿನ ಹಳಿಗಳ ನಡುವೆ ನಿಂತ ಕಾರು, ಪ್ರಾಣದ ಪ್ರಶ್ನೆ. ಆದುದರಿಂದ “ಮತ್ತೆ ಹೊರಟಿತಲ್ಲ, ಬಿಡಿ” ಎಂದು ಮರೆಯುವ ವಿಷಯ ಇದಲ್ಲ.

ಎಮ್ಮೆಯ ಜ್ವರ, ಎತ್ತಿನ ಬರೆ

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಒಬ್ಬ ನೆಂಟರು ಪೆಟ್ರೋಲ್ ಪಂಪಿನ ಮೇಲೆ ಸಂಶಯಪಡುತ್ತಾರೆ, ಪಂಪು ಬದಲಾಗುತ್ತದೆ. ಎದುರು ಮನೆಯವರು ಕಾಯಿಲನ್ನು ದೂರುತ್ತಾರೆ, ಕಾಯಿಲು ಬದಲಾಗುತ್ತದೆ. ಹದಿನೈದು ದಿನ ಕಾರು ನಿಲ್ಲದೆ ಓಡಿದರೆ ಕಾಯಿಲಿಗೆ ಕೀರ್ತಿ ಬರುತ್ತದೆ. ಹದಿನಾರನೆಯ ದಿನ ಮತ್ತೆ ನಿಲ್ಲುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆ ಇದಕ್ಕೇ ಹುಟ್ಟಿದಂತಿದೆ. ದಿನವೂ ಕಾಣಿಸಿಕೊಳ್ಳದ ದೋಷವು ಪ್ರತಿಯೊಂದು ಸುಳ್ಳು ಮದ್ದಿಗೂ ಕೆಲವು ದಿನಗಳ ಯಶಸ್ಸನ್ನು ತಾನಾಗಿ ದಯಪಾಲಿಸುತ್ತದೆ. ಹೀಗೆ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುತ್ತ ಹೋದರೆ ಮನೆಯ ದುಡ್ಡು ಕರಗುತ್ತದೆ. ಜೊತೆಗೆ, ಒಳ್ಳೆಯ ಹಳೆಯ ಭಾಗದ ಜಾಗದಲ್ಲಿ ಕಳಪೆಯಾದ ಹೊಸ ಭಾಗ ಬಂದು ಕುಳಿತು ಎರಡನೆಯ ರೋಗವೊಂದು ಸೇರಿಕೊಳ್ಳುತ್ತದೆ.

ತಪ್ಪಿರುವುದು ಮೆಕ್ಯಾನಿಕ್ಕಿನ ಕೈಯಲ್ಲಲ್ಲ, ಹೊತ್ತಿನಲ್ಲಿ. ಈ ರೋಗವನ್ನು ಅದು ಇರುವಾಗಲೇ ಹಿಡಿಯಬೇಕು. ಕಾರು ಸತ್ತು ಬಿದ್ದಿರುವ ಆ ಐದು ಹತ್ತು ನಿಮಿಷಗಳೇ ಸಾಕ್ಷ್ಯ ಸಿಕ್ಕುವ ಕಾಲ. ಆ ಹೊತ್ತಿನಲ್ಲಿ ಅಲ್ಲಿರುವವನು ಮೆಕ್ಯಾನಿಕ್ಕಲ್ಲ, ಕಾರಿನ ಮನೆಯವರು. ಈಗಿನ ಹೊಸ ಕಾರುಗಳೊಳಗೆ ಗಣಕಯಂತ್ರವಿದ್ದು, ಅದು ಗುರುತಿಸಿದ ದೋಷವನ್ನು ಸಂಕೇತರೂಪದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಳೆಯ ಕಾರಿಗೆ ಆ ನೆನಪಿಲ್ಲ. ಅದರ ಪರವಾಗಿ ನೆನಪಿಟ್ಟುಕೊಳ್ಳುವ ಹೊಣೆ ಮನೆಯವರದು.

ಗಾಳಿಗೆ ಆರಿದ ದೀಪ, ಎಣ್ಣೆ ತೀರಿದ ದೀಪ

ಪೆಟ್ರೋಲ್ ಇಂಜಿನು ನಡೆಯಲು ಗಾಳಿಯ ಜೊತೆಗೆ ಮುಖ್ಯವಾಗಿ ಬೇಕಾದವು ಎರಡು: ಪೆಟ್ರೋಲು ಮತ್ತು ಕಿಡಿ. ಓಡುತ್ತಿದ್ದು ನಿಂತು, ತಾನಾಗಿ ಮತ್ತೆ ಹೊರಡುವ ಕಾರಿನಲ್ಲಿ ಈ ಎರಡರಲ್ಲೊಂದು ತಪ್ಪಿಹೋಗಿರುವುದೇ ಹೆಚ್ಚು. ಆದ ಕಾರಣ ವಿಚಾರಣೆಯ ಮೊದಲ ಪ್ರಶ್ನೆ ಒಂದೇ: ತಪ್ಪಿದ್ದು ಕಿಡಿಯೋ, ಪೆಟ್ರೋಲೋ?

ಈ ಪ್ರಶ್ನೆಗೆ ಕಾರು ಸಾಯುವಾಗಲೇ ಅರ್ಧ ಉತ್ತರ ಹೇಳಿರುತ್ತದೆ. ದೇವರ ಮನೆಯ ದೀಪ ಆರುವುದು ಎರಡು ಬಗೆಯಲ್ಲಿ. ಗಾಳಿ ಬೀಸಿದರೆ ಒಂದೇ ಏಟಿಗೆ ಆರಿಹೋಗುತ್ತದೆ. ಎಣ್ಣೆ ತೀರಿದರೆ ಮೊದಲು ಮಂಕಾಗಿ, ಚಟಪಟಗುಟ್ಟಿ, ಒಮ್ಮೆ ಹೊಳೆದು, ಮತ್ತೆ ಕುಗ್ಗಿ ಆರುತ್ತದೆ. ಕಾರೂ ಹಾಗೆಯೇ. ಕೀಲಿಯನ್ನೇ ತಿರುಗಿಸಿ ನಿಲ್ಲಿಸಿದಂತೆ, ಯಾವ ಮುನ್ಸೂಚನೆಯೂ ಇಲ್ಲದೆ ಒಮ್ಮೆಗೇ ನಿಂತರೆ ಸಂಶಯ ಕಿಡಿಯ ಕಡೆಗೆ. ಅರ್ಧ ಮೈಲಿಯಿಂದ ಎಳೆಯಲಾರದೆ, ಮುಗ್ಗರಿಸಿ, ಕೆಮ್ಮಿ, ಕಾಲೆತ್ತಿದರೆ ಸ್ವಲ್ಪ ಚೇತರಿಸಿಕೊಂಡು ಕೊನೆಗೆ ನಿಂತರೆ ಸಂಶಯ ಪೆಟ್ರೋಲಿನ ಕಡೆಗೆ. ಇದು ತೀರ್ಪಲ್ಲ, ಸುಳಿವು ಮಾತ್ರ. ತೀರ್ಪಿಗೆ ಪರೀಕ್ಷೆಯಾಗಬೇಕು.

ಕಿಡಿಯ ಪರೀಕ್ಷೆಯೇ ಮೊದಲಾಗಬೇಕು. ಪೆಟ್ರೋಲಿನ ಕೊಳವೆ ಬಿಚ್ಚಿದ ಮೇಲೆ ಕಿಡಿಯ ಆಟ ಸಲ್ಲದು. ಡಿಕ್ಕಿಯಲ್ಲಿ ಒಂದು ಒಳ್ಳೆಯ ಸ್ಪಾರ್ಕ್ ಪ್ಲಗ್ಗು ಇದ್ದರೆ ಸಾಕು. ಇಂಜಿನಿನ ಒಂದು ಪ್ಲಗ್ಗಿನ ತಂತಿಯನ್ನು ಕಳಚಿ, ಈ ಬಿಡಿ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಇಂಜಿನಿನ ಲೋಹಕ್ಕೆ ತಾಗುವಂತೆ ಇಟ್ಟು, ಕೈ ದೂರ ಸರಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿದರೆ ತುದಿಯಲ್ಲಿ ಚಟ್ ಚಟ್ ಎಂದು ನೀಲಿ ಕಿಡಿ ಹಾರಬೇಕು. ಹಾರಿದರೆ ಕಿಡಿ ನಿರ್ದೋಷಿಯೆಂದು ತಿಳಿದು ಪೆಟ್ರೋಲಿನ ಕಡೆಗೆ ತಿರುಗಬಹುದು. ಹಾರದಿದ್ದರೆ ಪೆಟ್ರೋಲಿನ ಗೊಡವೆಗೆ ಹೋಗುವ ಅವಶ್ಯಕತೆಯೇ ಇಲ್ಲ. ಅರ್ಧ ಕಾರು ವಿಚಾರಣೆಯಿಂದ ಬಿಡುಗಡೆಯಾಯಿತು.

ಕಿಡಿಯ ಕಡೆಯ ಆರೋಪಿಗಳು

ಬ್ಯಾಟರಿಯಲ್ಲಿರುವುದು 12 ವೋಲ್ಟು ಮಾತ್ರ. ಪ್ಲಗ್ಗಿನ ತುದಿಯಲ್ಲಿ, ಅರ್ಧ ಮಿಲಿಮೀಟರಿಗೆ ತುಸು ಮಿಕ್ಕ ಅಂತರದ ಗಾಳಿಯನ್ನು ಹಾರಿ ದಾಟಲು ಸಾವಿರಾರು ವೋಲ್ಟು ಬೇಕು. ಫ್ಯಾರಡೆ 1831ರಲ್ಲಿ ಕಂಡ ವಿದ್ಯುತ್ ಪ್ರೇರಣೆಯ ತತ್ತ್ವವನ್ನು ಹಿಡಿದು, 1910ರ ಹೊತ್ತಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕಾರಿಗೆ ಅಳವಡಿಸಿದ ಉಪಾಯವೇ ಈ ಹಳೆಯ ಕಾರುಗಳಲ್ಲಿ ಇಂದಿಗೂ ನಡೆಯುತ್ತಿದೆ. ಕಾಯಿಲಿನಲ್ಲಿ ಹರಿಯುತ್ತಿರುವ ಸಣ್ಣ ಪ್ರವಾಹವನ್ನು ಪಾಯಿಂಟುಗಳು ಥಟ್ಟನೆ ಕಡಿದಾಗ, ಅದರೊಳಗಿನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟು ಚಿಮ್ಮುತ್ತದೆ. ಡಿಸ್ಟ್ರಿಬ್ಯೂಟರು ಅದನ್ನು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತದೆ. ಇಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ. ಅಂದರೆ ಆ ಪುಟ್ಟ ಪಾಯಿಂಟುಗಳು ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಇಂಥ ದುಡಿಮೆಯಲ್ಲಿ ಒಮ್ಮೊಮ್ಮೆ ತಪ್ಪಾಗುವುದು ಆಶ್ಚರ್ಯವಲ್ಲ. ತಪ್ಪಾಗದೆ ಇಷ್ಟು ವರ್ಷ ನಡೆಯುವುದೇ ಆಶ್ಚರ್ಯ. ಪ್ಲಗ್ಗಿನ ಮಾತು ಬಂದಾಗ ಕನ್ನಡಿಗರು ನೆನೆಯಬೇಕಾದ ಹೆಸರು 1951ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಮೈಕೋ. ಆಡುಗೋಡಿಯ ಆ ಕಾರ್ಖಾನೆಯ ಪ್ಲಗ್ಗುಗಳು ದೇಶದ ಎಷ್ಟೋ ಕಾರುಗಳ ಎದೆಯಲ್ಲಿ ಕಿಡಿ ಹೊತ್ತಿಸಿದವು.

ಈ ಸಾಲಿನಲ್ಲಿ ಬಂದು ಹೋಗುವ ರೋಗಕ್ಕೆ ಮೂವರು ಮುಖ್ಯ ಆರೋಪಿಗಳು. ಮೊದಲನೆಯದು ಕಾಯಿಲು. ಅದರ ಒಳಸುತ್ತುಗಳ ನಿರೋಧಕ ಲೇಪ ಹಳತಾದಾಗ, ತಣ್ಣಗಿರುವವರೆಗೆ ಸರಿಯಾಗಿದ್ದು, ಕಾದ ಮೇಲೆ ಒಳಗೊಳಗೇ ಪ್ರವಾಹ ಸೋರಿಹೋಗುತ್ತದೆ. ತಣಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಎರಡನೆಯದು ಕಂಡೆನ್ಸರು. ಹೆಬ್ಬೆರಳ ತುದಿಯಷ್ಟರ ಈ ಡಬ್ಬಿ ಸೋತರೆ ಪಾಯಿಂಟುಗಳ ನಡುವೆಯೇ ಕಿಡಿ ಸಿಡಿದು ಅವು ಸುಟ್ಟು ಕರಕಾಗುತ್ತವೆ. ಪ್ಲಗ್ಗಿಗೆ ತಲಪುವ ಕಿಡಿ ಬಡವಾಗುತ್ತದೆ.

ಮೂರನೆಯ ಆರೋಪಿ ಎಲ್ಲರಿಗಿಂತ ಚಾಣಾಕ್ಷ. ಅಂಬಾಸಡರಿನಂಥ ಕಾರುಗಳ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟುಗಳು ಕೂತಿರುವ ತಟ್ಟೆ ಕದಲದೆ ಇರುವಂಥದಲ್ಲ. ಇಂಜಿನಿನ ಹೀರುವಿಕೆಯ ಬಲಕ್ಕೆ ತಕ್ಕಂತೆ ಆಚೀಚೆ ಸ್ವಲ್ಪ ಸರಿಯುತ್ತಿರುತ್ತದೆ. ಅದಕ್ಕೆ ಕಟ್ಟಿದ ಸಣ್ಣ ತಂತಿ ಪ್ರತಿ ಸಲವೂ ಮಡಿಚಿ ಬಿಚ್ಚಬೇಕು. ಲಕ್ಷಾಂತರ ಸಲ ಮಡಿಚಿದ ಮೇಲೆ ಒಳಗಿನ ತಾಮ್ರದ ಎಳೆಗಳು ಕಡಿದುಹೋಗುತ್ತವೆ, ಮೇಲಿನ ಹೊದಿಕೆ ಮಾತ್ರ ಅಖಂಡವಾಗಿ ಕಾಣುತ್ತದೆ. ಕಾರು ಓಡುವಾಗ ತಟ್ಟೆ ಸರಿದು ಕಡಿದ ತುದಿಗಳು ಬೇರಾಗುತ್ತವೆ, ಇಂಜಿನು ನಿಲ್ಲುತ್ತದೆ. ಇಂಜಿನು ನಿಂತರೆ ಹೀರುವಿಕೆ ಇಲ್ಲ. ತಟ್ಟೆ ಸ್ವಸ್ಥಾನಕ್ಕೆ ಮರಳುತ್ತದೆ. ತುದಿಗಳು ಮತ್ತೆ ಕೂಡುತ್ತವೆ. ಮುಚ್ಚಳ ತೆರೆದು ನೋಡುವವನ ಕಣ್ಣಿಗೆ ಎಲ್ಲವೂ ಸುಸೂತ್ರ! ಓಡುವಾಗ ಕಳ್ಳ, ನಿಂತಾಗ ಸಾಧು. ಆ ತಂತಿಯನ್ನು ಬೆರಳಿನಿಂದ ಮೆಲ್ಲನೆ ಎಳೆದು, ಬಗ್ಗಿಸಿ ನೋಡಿದವನಿಗಷ್ಟೇ ಅದರ ಗುಟ್ಟು ತಿಳಿಯುತ್ತದೆ: ಒಳಗೆ ಎಳೆಗಳಿಲ್ಲದ ಕಡೆ ಅದು ಬಾಡಿದ ಹೂವಿನ ತೊಟ್ಟಿನಂತೆ ಸೋತು ಬಾಗುತ್ತದೆ.

ಪೆಟ್ರೋಲಿನ ಕಡೆಯ ಆರೋಪಿಗಳು

ಕಿಡಿ ಸರಿಯಾಗಿದ್ದರೆ ಪೆಟ್ರೋಲಿನ ಹಾದಿಯನ್ನು ನೋಡಬೇಕು. ಟ್ಯಾಂಕು ಹಿಂದೆ, ಇಂಜಿನು ಮುಂದೆ. ನಡುವಿನ ಉದ್ದದ ಕೊಳವೆಯ ಮೂಲಕ ಪಂಪು ಅದನ್ನು ಹೀರಿ ಕಾರ್ಬ್ಯುರೇಟರಿಗೆ ಒಪ್ಪಿಸುತ್ತದೆ. ಇಂಜಿನು ತಣಿದ ಮೇಲೆ, ಬೀಡಿ ಸಿಗರೇಟುಗಳನ್ನು ದೂರವಿಟ್ಟು, ಕಾಯಿಲಿನ ತಂತಿಯನ್ನು ಕಳಚಿಟ್ಟು, ಕಾರ್ಬ್ಯುರೇಟರಿಗೆ ಬರುವ ಕೊಳವೆಯ ತುದಿಯನ್ನು ಒಂದು ಸೀಸೆಯೊಳಕ್ಕೆ ಹಿಡಿದು ಸೆಲ್ಫ್ ಹೊಡೆದರೆ ಪೆಟ್ರೋಲು ಬುಳುಬುಳು ಚಿಮ್ಮಬೇಕು. ಬಾರದಿದ್ದರೆ ತಡೆ ಹಿಂದೆಲ್ಲೋ ಇದೆ.

ಜನಜನಿತವಾದ ಆರೋಪಿ ಆವಿಯ ತಡೆ. ಪೆಟ್ರೋಲಿನ ಹಗುರಾದ ಅಂಶಗಳು 35–40 ಡಿಗ್ರಿ ಸೆಲ್ಸಿಯಸಿನಿಂದಲೇ ಕುದಿಯತೊಡಗುತ್ತವೆ. ಬೇಸಗೆಯಲ್ಲಿ, ಘಾಟಿಯ ಏರಿನಲ್ಲಿ, ಕಾರು ಮೆಲ್ಲಗೆ ಏದುವಾಗ ಬಾನೆಟ್ಟಿನ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚಿನ ಬಿಸಿ. ಕೊಳವೆಯಲ್ಲಿ ಪೆಟ್ರೋಲು ಆವಿಯಾದರೆ ಪಂಪು ದ್ರವದ ಬದಲು ಗುಳ್ಳೆಯನ್ನು ಹಿಂಡುತ್ತ ಕೂರುತ್ತದೆ. ಹಳೆಯ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕಾಗಿಯೇ. ಆ ಮದ್ದು ನಿಜವಾದದ್ದು. ಆದರೆ ರೋಗವೂ ಅದೇ ಆಗಿದ್ದರೆ ಮಾತ್ರ.

ಟ್ಯಾಂಕಿನ ತಳದ ತುಕ್ಕಿನ ಹಕ್ಕಳೆಯೊಂದು ಹೀರುವ ಕೊಳವೆಯ ಬಾಯಿಗೆ ಬಂದು ಅಂಟಿಕೊಂಡು, ಇಂಜಿನು ನಿಂತೊಡನೆ ಕಳಚಿ ತಳಕ್ಕೆ ಬೀಳುವುದೂ ಉಂಟು. ಮಾರಿಸ್ ಮೈನರಿನಂಥ ಕಾರುಗಳಲ್ಲಿ ಪಂಪು ವಿದ್ಯುತ್ತಿನದು. ಟಿಕ್ ಟಿಕ್ ಎನ್ನುತ್ತಿರಬೇಕಾದ ಅದು ಮೌನವಾಗಿ, ಮೇಲೊಂದು ಮೆಲುವಾದ ಪೆಟ್ಟು ಕೊಟ್ಟರೆ ಮತ್ತೆ ಮಾತಾಡತೊಡಗಿದರೆ ರೋಗಿ ಸಿಕ್ಕಿಬಿದ್ದಂತೆ. ಇತ್ತೀಚೆಗೆ ಇನ್ನೊಂದು ಕಾರಣವೂ ಸೇರಿದೆ. ಭಾರತದ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ 2022ರಲ್ಲಿ ನೂರಕ್ಕೆ 10, 2025ರಲ್ಲಿ ನೂರಕ್ಕೆ 20ರ ಗುರಿ ಮುಟ್ಟಿತು. ಎಥನಾಲ್ ನೀರನ್ನು ಸೆಳೆದುಕೊಳ್ಳುವಂಥದು. ಹಳೆಯ ರಬ್ಬರಿನ ಕೊಳವೆ, ಪಂಪಿನೊಳಗಿನ ಹಾಳೆ ಇವುಗಳನ್ನು ಮೆತ್ತಗೆ ಮಾಡುವಂಥದು. ಹತ್ತಾರು ವರ್ಷ ಟ್ಯಾಂಕಿನ ಗೋಡೆಗೆ ಅಂಟಿದ್ದ ಜಿಗುಟನ್ನು ಸಡಿಲಿಸಿ ಫಿಲ್ಟರಿಗೆ ತರುವಂಥದು. ಹಳೆಯ ಕಾರಿನ ರಬ್ಬರಿನ ಭಾಗಗಳನ್ನು ಎಥನಾಲ್ ತಡೆಯುವ ಜಾತಿಯವಕ್ಕೆ ಬದಲಾಯಿಸಿಕೊಳ್ಳುವುದು ಈಗ ಜಾಣತನ.

ಪೆಟ್ರೋಲಿನ ಕಡೆಯ ಕೊನೆಯ ಆರೋಪಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ವಿಷಯವನ್ನು ತಿಳಿಯಲು ಒಂದು ಕಲ್ಪಿತ ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು.

ಹಾಸನದ ತಾತನೂ ಮೊಮ್ಮಗಳೂ

ಹಾಸನದಲ್ಲಿ ಒಬ್ಬ ನಿವೃತ್ತ ಹೆಡ್ ಮಾಸ್ಟರು, ಅವರಿಗೊಂದು ಅಂಬಾಸಡರು. ಎರಡು ವರ್ಷಗಳಿಂದ ಅದು ಆಗಾಗ ನಡುದಾರಿಯಲ್ಲಿ ಮುಗ್ಗರಿಸಿ ನಿಲ್ಲುತ್ತಿದೆ. ಪಾಯಿಂಟು, ಕಂಡೆನ್ಸರು, ಕಾಯಿಲು, ಪಂಪು ನಾಲ್ಕೂ ಬದಲಾಗಿವೆ, ರೋಗ ಬದಲಾಗಿಲ್ಲ. ಒಂದು ದಿನ ರೈಲ್ವೆ ಗೇಟು ದಾಟಿ ಇಪ್ಪತ್ತು ಗಜ ಹೋಗುವಷ್ಟರಲ್ಲಿ ನಿಂತಿತು. ಆ ಇಪ್ಪತ್ತು ಗಜವನ್ನು ನೆನೆದು ಸೊಸೆ ಆಮೇಲೆ ಕಾರು ಹತ್ತಲಿಲ್ಲ. ಮಗ, “ಅಪ್ಪಾಜಿ, ಇನ್ನು ಸಾಕು. ಗುಜರಿಯವನು ಭಾನುವಾರ ಬಂದು ನೋಡುತ್ತಾನಂತೆ” ಎಂದು ತಲೆ ತಗ್ಗಿಸಿಕೊಂಡೇ ಹೇಳಿದ. ಮಾಸ್ಟರು ಮಾತಾಡಲಿಲ್ಲ. ಅವರ ಹೆಂಡತಿಯನ್ನು ಮೈಸೂರಿನ ಆಸ್ಪತ್ರೆಗೆ ಕೊನೆಯ ಬಾರಿ ಕರೆದೊಯ್ದದ್ದು ಆ ಕಾರಿನಲ್ಲೇ.

ಬಿ.ಎಸ್ಸಿ. ಓದುತ್ತಿದ್ದ ಮೊಮ್ಮಗಳು ಒಂದು ತಿಂಗಳ ಗಡುವು ಕೇಳಿಕೊಂಡಳು. ಅವಳು ಮಾಡಿದ ಮೊದಲ ಕೆಲಸ ಬಾನೆಟ್ಟು ತೆರೆಯುವುದಲ್ಲ, ನೋಟುಬುಕ್ಕು ತೆರೆಯುವುದು. ಹಿಂದೆ ಎಲ್ಲೆಲ್ಲಿ ನಿಂತಿತು, ಹೊರಟು ಎಷ್ಟು ದೂರವಾಗಿತ್ತು, ಏರೋ ಇಳಿಜಾರೋ, ಬಿಸಿಲೋ ಮಳೆಯೋ, ಟ್ಯಾಂಕಿನಲ್ಲಿ ಎಷ್ಟಿತ್ತು, ಮತ್ತೆ ಹೊರಡುವ ಮುನ್ನ ಏನೇನು ಮಾಡಿದಿರಿ ಎಂದು ತಾತನನ್ನು ಕೂರಿಸಿಕೊಂಡು ಕೇಳಿ ಬರೆದಳು. ಧರ್ಮಸ್ಥಳದಿಂದ ಬರುವಾಗ ಶಿರಾಡಿಯ ಏರಿನಲ್ಲಿ ಒಮ್ಮೆ. ಆದರೆ ಚನ್ನರಾಯಪಟ್ಟಣದ ಆಚೆಯ ಮಟ್ಟಸ ರಸ್ತೆಯಲ್ಲಿ ಮೂರು ಸಲ. ಅದರಲ್ಲಿ ಒಂದು, ಸುರಿವ ಮಳೆಯಲ್ಲಿ. ಬಿಸಿಲಿನ ವಾದ ಅಲ್ಲೇ ಸೊರಗಿತು. ಇನ್ನೊಂದು ವಿಚಿತ್ರವೂ ಕಂಡಿತು: ಟ್ಯಾಂಕು ಕಂಠಪೂರ್ತಿ ತುಂಬಿಸಿದ ದಿನವೇ ಕಾರು ಬೇಗ ನಿಂತಿದೆ, ಅರೆ ಟ್ಯಾಂಕಿನಲ್ಲಿ ಹೊರಟ ದಿನ ಬೆಂಗಳೂರಿನ ತನಕ ತೊಂದರೆಯಿಲ್ಲದೆ ಹೋಗಿದೆ.

“ನಿಂತಾಗ ನೀವು ಏನು ಮಾಡುತ್ತಿದ್ದಿರಿ ತಾತ?”

“ಮಾಡುವುದೇನು ಪುಟ್ಟಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ಆಮೇಲೆ ಪೆಟ್ರೋಲ್ ಮುಳ್ಳನ್ನು ನಂಬುವಂತಿಲ್ಲವಲ್ಲ, ಟ್ಯಾಂಕಿನ ಮುಚ್ಚಳ ತೆಗೆದು, ಕಾರು ಅಲುಗಿಸಿ, ಇದೆಯೋ ಇಲ್ಲವೋ ನೋಡುತ್ತಿದ್ದೆ. ಹತ್ತು ನಿಮಿಷಕ್ಕೆ ಬಟ್ಟೆ ಕೆಲಸ ಮಾಡುತ್ತಿತ್ತು.”

“ಕೆಲಸ ಮಾಡಿದ್ದು ಬಟ್ಟೆಯೇ ಎಂದು ಹೇಗೆ ಗೊತ್ತು?”

ಮಾಸ್ಟರು ಉತ್ತರ ಹೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವರಿಗೆ ಒಳ್ಳೆಯ ಪ್ರಶ್ನೆಯ ಗುರುತು ಸಿಕ್ಕದೆ ಇರುವುದಿಲ್ಲ.

ಮುಂದಿನ ಭಾನುವಾರ ಟ್ಯಾಂಕು ತುಂಬಿಸಿ ಇಬ್ಬರೂ ಬೇಕೆಂದೇ ಹೊರಟರು. ಚನ್ನರಾಯಪಟ್ಟಣ ದಾಟಿದ ಮೇಲೆ ಕಾರು ಕೆಮ್ಮಿ, ಮುಗ್ಗರಿಸಿ ನಿಂತಿತು. ಮೊಮ್ಮಗಳ ಮುಖದಲ್ಲಿ ಸಂತೋಷ! ಬಿಡಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಚೆನ್ನಾಗಿ ಹಾರಿತು. ಇಂಜಿನು ತಣಿಯಲು ಬಿಟ್ಟು ಕೊಳವೆ ಬಿಚ್ಚಿದಾಗ ಸೀಸೆಗೆ ಬಂದದ್ದು ನಾಲ್ಕು ಹನಿ. ಮಾಸ್ಟರು ಅಭ್ಯಾಸದಂತೆ ಹಿಂದಕ್ಕೆ ನಡೆದು ಮುಚ್ಚಳಕ್ಕೆ ಕೈ ಹಾಕಿದರು.

“ಬೇಡ ತಾತ! ಈ ಸಲ ಒಂದನ್ನು ಮಾತ್ರ ಮಾಡೋಣ. ಮೊದಲು ನಿಮ್ಮ ಬಟ್ಟೆ.”

ಕೊಳವೆಯನ್ನು ಮತ್ತೆ ಸಿಕ್ಕಿಸಿ, ಒದ್ದೆ ಬಟ್ಟೆ ಹಾಕಿ ಕಾದರು. ಕಾರು ಹೊರಡಲಿಲ್ಲ. ಆಗ ಬಟ್ಟೆಯನ್ನು ತೆಗೆದುಹಾಕಿ, ಮೊಮ್ಮಗಳು ಟ್ಯಾಂಕಿನ ಬಳಿ ಕಿವಿಯಿಟ್ಟು ಮುಚ್ಚಳವನ್ನು ಮೆಲ್ಲನೆ ತಿರುಗಿಸಿದಳು. ‘ಸ್‌ಸ್‌ಸ್’ ಎಂದು ಗಾಳಿ ಒಳಕ್ಕೆ ನುಗ್ಗಿತು. ನಾಲ್ಕು ಸೆಲ್ಫಿಗೆ ಕಾರು ಹೊರಟಿತು. ಎರಡು ವರ್ಷ ಲಾರಿಗಳ ಸದ್ದಿನಲ್ಲಿ ಅಡಗಿದ್ದ ಉತ್ತರ ಅದು.

ಕಾರಣ ಸರಳ. ಟ್ಯಾಂಕಿನಿಂದ ಪೆಟ್ರೋಲು ಹೊರಹೋದಷ್ಟು ಜಾಗಕ್ಕೆ ಗಾಳಿ ಒಳಬರಬೇಕು. ಬಾರದಿದ್ದರೆ ಒಳಗಿನ ಒತ್ತಡ ಇಳಿಯುತ್ತ ಹೋಗಿ, ಪಂಪು ಎಷ್ಟು ಎಳೆದರೂ ಪೆಟ್ರೋಲು ಬಾರದು. ಟ್ಯಾಂಕು ತುಂಬಿದ್ದರೆ ಮೇಲಿರುವ ಗಾಳಿ ಕೊಂಚ. ಸ್ವಲ್ಪ ಪೆಟ್ರೋಲು ಖರ್ಚಾದರೂ ಅದು ಬೇಗ ತೆಳುವಾಗುತ್ತದೆ. ಅರ್ಧ ಖಾಲಿಯಿದ್ದರೆ ಗಾಳಿ ಧಾರಾಳ. ತೆಳುವಾಗಲು ಬಹಳ ದೂರ ಓಡಬೇಕು. ತುಂಬಿದ ದಿನವೇ ಬೇಗ ನಿಲ್ಲುತ್ತಿದ್ದ ಒಗಟು ಹೀಗೆ ಬಿಡಿಸಿಕೊಂಡಿತು.

ಷೆಡ್ಡಿನ ಮೆಕ್ಯಾನಿಕ್ಕು ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿ, “ಹಳೆಯದು ಕಳೆದುಹೋಯಿತು ಅಂತ ಬೀಗದ ಮುಚ್ಚಳ ತಂದಿರಲ್ಲ ಮೇಷ್ಟ್ರೇ, ಎರಡು ವರ್ಷದ ಹಿಂದೆ? ಹಳೆಯದಕ್ಕೆ ಉಸಿರಿನ ತೂತು ಇತ್ತು, ಇದಕ್ಕಿಲ್ಲ” ಎಂದ. ತೂತಿರುವ ಮುಚ್ಚಳ ಬಂತು. ಮೊಮ್ಮಗಳು ಅಷ್ಟಕ್ಕೇ ಬಿಡಲಿಲ್ಲ. ಟ್ಯಾಂಕು ತುಂಬಿಸಿ, ಅದೇ ರಸ್ತೆಯಲ್ಲಿ, ಅದೇ ದೂರ ಓಡಿಸಿ, ನಿಲ್ಲಲಿಲ್ಲವೆಂದು ಬರೆದುಕೊಂಡಳು. ಮರುವಾರ ಹಳೆಯ ಕುರುಡು ಮುಚ್ಚಳವನ್ನೇ ಮತ್ತೆ ಹಾಕಿ ಹೊರಟಳು; ಅದೇ ಬಯಲಿನಲ್ಲಿ ಕಾರು ನಿಂತಿತು. ಮದ್ದು ಕೊಟ್ಟಾಗ ಹೋಗಬೇಕು, ತೆಗೆದಾಗ ಬರಬೇಕು. ಆಗಲೇ ರೋಗದ ಹೆಸರು ಖಚಿತ. ಗುಜರಿಯವನಿಗೆ ಬರಬೇಡವೆಂದು ಹೇಳಿಕಳಿಸಿದವನು ಮಗನೇ. ಆದರೂ ಸೊಸೆ ಕಾರು ಹತ್ತಿದ್ದು ನೋಟುಬುಕ್ಕನ್ನು ಮೊದಲಿಂದ ಕೊನೆಯವರೆಗೆ ಓದಿದ ಮೇಲೆ.

ಮನೆಯವರ ಪಾಲಿನ ಕೆಲಸ

ಈ ಸಂಸಾರದಲ್ಲಿ ಮಾಸ್ಟರು ಪ್ರತಿ ಸಲವೂ ನಿಜವಾದ ಮದ್ದನ್ನೇ ಕೊಡುತ್ತಿದ್ದರು; ಜೊತೆಗೆ ಇನ್ನೊಂದನ್ನೂ ಕೊಡುತ್ತಿದ್ದುದರಿಂದ ಕೀರ್ತಿ ಬೇರೆಯದಕ್ಕೆ ಹೋಗುತ್ತಿತ್ತು. ಎರಡು ಮದ್ದನ್ನು ಒಟ್ಟಿಗೆ ಕೊಟ್ಟವನಿಗೆ ರೋಗ ವಾಸಿಯಾದರೂ ವಿದ್ಯೆ ಬರುವುದಿಲ್ಲ. ಹಳೆಯ ಕಾರಿನ ಒಡೆಯರು ನೆನಪಿಡಬೇಕಾದ ನಿಯಮ ಇದೊಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಭಾಗಗಳನ್ನು ಒಂದೇ ದಿನ ಬದಲಾಯಿಸಿ ಕಾರು ಸರಿಹೋದರೂ, ಯಾವುದರಿಂದ ಸರಿಹೋಯಿತೆಂದು ತಿಳಿಯದು. ಮರುವರ್ಷ ಮತ್ತೆ ನಾಲ್ಕಕ್ಕೂ ದುಡ್ಡು ತೆರಬೇಕು.

ಕಾರು ನಿಂತ ಕ್ಷಣದಲ್ಲಿ ಮಾತ್ರ ಪರೀಕ್ಷೆಗಿಂತ ಪ್ರಾಣ ಮೊದಲು. ವೇಗವಿರುವಾಗಲೇ ಕ್ಲಚ್ಚು ಒತ್ತಿ ಎಡಬದಿಗೆ ಉರುಳಿಸಿಕೊಂಡು, ಜನರನ್ನು ರಸ್ತೆಯ ಅಂಚಿನಾಚೆ ಇಳಿಸಿ, ಹಿಂದಿನವರಿಗೆ ಕಾಣುವಂತೆ ಗುರುತಿಟ್ಟ ಮೇಲೆ ಬಾನೆಟ್ಟು ತೆರೆಯಬೇಕು. ರೈಲು ಹಳಿಯ ಮೇಲೆ ನಿಂತರೆ ಎಲ್ಲರೂ ಮೊದಲು ಇಳಿದು ದೂರ ಸರಿಯಬೇಕು. ರೈಲಿನ ಸುಳಿವಿಲ್ಲದಿದ್ದರೆ, ಮೊದಲನೆಯ ಗೇರಿನಲ್ಲಿಟ್ಟು ಕ್ಲಚ್ಚು ಬಿಟ್ಟು ಸೆಲ್ಫ್ ಹೊಡೆದಾಗ ಇಂಥ ಹಳೆಯ ಕಾರು ಬ್ಯಾಟರಿಯ ಬಲದಿಂದಲೇ ಕೆಲವು ಗಜ ತೆವಳಿ ಹಳಿ ದಾಟಬಲ್ಲದು. ರೈಲು ಬರುವ ಹೊತ್ತಾಗಿದ್ದರೆ ಕಾರಿನ ಆಸೆ ಬಿಟ್ಟು ಗೇಟಿನವನಿಗೆ ತಿಳಿಸುವುದೇ ವಿವೇಕ.

ಡಿಕ್ಕಿಯಲ್ಲಿ ಇರಬೇಕಾದ ಸಾಮಾನು ಹೆಚ್ಚೇನಲ್ಲ: ಒಂದು ಬಿಡಿ ಪ್ಲಗ್ಗು, ಪರೀಕ್ಷೆಯ ಬಲ್ಬು, ಒಣ ಬಟ್ಟೆ, ಪ್ಲಗ್ಗಿನ ಸ್ಪ್ಯಾನರು, ಮುಚ್ಚಳವಿರುವ ಸೀಸೆ, ಅಪಾಯದ ತ್ರಿಕೋನ, ಮತ್ತು ಪೆನ್ಸಿಲು ಕಟ್ಟಿ ತೂಗುಹಾಕಿದ ಒಂದು ನೋಟುಬುಕ್ಕು. ಇವುಗಳಲ್ಲಿ ಕೊನೆಯದಕ್ಕೆ ಎಲ್ಲಕ್ಕಿಂತ ಕಡಿಮೆ ಬೆಲೆ. ಷೆಡ್ಡಿಗೆ ಹೋದಾಗ ಮೊದಲು ಮೆಕ್ಯಾನಿಕ್ಕಿನ ಕೈಗೆ ಕೊಡಬೇಕಾದದ್ದೂ ಅದನ್ನೇ. ಕಾರಿನ ಕೀಲಿಯನ್ನು ಆಮೇಲೆ ಕೊಡಬಹುದು.